ಉ: ತುಮಕೂರಿನ ಕಡೆ ವಸಂತನರಸಾಪುರದ ಹತ್ತಿರ 30×40 ಸೈಟಿಗೆ ಪರ್ಸನಲ್ ಲೋನ್ ಮಾಡಬಹುದಾ?

ಸರ್, ಸೈಟು 24 ಲಕ್ಷ, ಕೈಯಲ್ಲಿರೋದು 4 ಲಕ್ಷ, ಉಳಿದ 20ಕ್ಕೆ ಪರ್ಸನಲ್ ಲೋನ್, ಎರಡು ವರ್ಷ ಬಿಟ್ಟು ಮಾರೋದು ಅಂದಿದ್ದೀರಿ. ನನಗೆ ದಿಗಿಲು ಹುಟ್ಟಿಸಿದ್ದು ಬಡ್ಡಿಗಿಂತ ನೀವು ಹಾಗೇ ಹೇಳಿ ಮುಂದೆ ಹೋದ ಇನ್ನೊಂದು ಮಾತು: 'ಈ ಲೇಔಟಿಗೆ ಬ್ಯಾಂಕ್ ಲೋನ್ ಆಗಲ್ವಂತೆ'. ಯಾಕೆ ಆಗಲ್ಲ? ಭೂ ಪರಿವರ್ತನೆ (ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಆದೇಶ) ಆಗಿದೆಯಾ, ಪ್ಲಾನ್ ಮಂಜೂರಾಗಿದೆಯಾ, ಇ-ಖಾತಾ (ಆನ್‌ಲೈನ್ ಆಸ್ತಿ ದಾಖಲೆ) ಇದೆಯಾ, ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಇದೆಯಾ? ಬ್ಯಾಂಕಿನ ವಕೀಲರು ಒಪ್ಪದ ಕಾಗದವನ್ನು ನಾಳೆ ನಿಮ್ಮಿಂದ ಕೊಳ್ಳುವವನ ವಕೀಲರೂ ಒಪ್ಪಲ್ಲ.

ಲೆಕ್ಕಕ್ಕೆ ಬನ್ನಿ. 14% ಬಡ್ಡಿ, 5 ವರ್ಷ ಅಂದ್ರೆ ಕಂತು ತಿಂಗಳಿಗೆ ಸುಮಾರು 46,500. ನಿಮ್ಮ ಸಂಬಳ 70 ಸಾವಿರ. ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲಿಂದ? ಎರಡು ವರ್ಷ ಕಟ್ಟಿದ ಮೇಲೂ 13.6 ಲಕ್ಷ ಅಸಲು ಬಾಕಿ ಇರುತ್ತೆ, ಬಡ್ಡಿಗೇ 4.8 ಲಕ್ಷ ಹೋಗಿರುತ್ತೆ. ಮುದ್ರಾಂಕ, ನೋಂದಣಿ ಸೇರಿ 7.6% ಹತ್ತಿರ, ಅಂದ್ರೆ 1.8 ಲಕ್ಷ, ನಿಮ್ಮ ಲೆಕ್ಕದಲ್ಲೇ ಇಲ್ಲ. ಒಟ್ಟಿನಲ್ಲಿ ಸೈಟಿನ 24, ಬಡ್ಡಿ 4.8, ಈ 1.8 ಸೇರಿ 30.6 ಲಕ್ಷಕ್ಕೆ ಮಾರಿದರೆ ಅಸಲಿಗೆ ಅಸಲು, ಬ್ರೋಕರ್ ಕಮಿಷನ್ ಬೇರೆ. 24 ತಿಂಗಳು ತುಂಬುವ ಮುಂಚೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೇ ಸೇರಿ ತೆರಿಗೆ ಬೀಳುತ್ತೆ.

ಮೆಟ್ರೊ ಬರುತ್ತೆ ಅಂತ ಬ್ರೋಕರ್ ಹೇಳ್ತಾರೆ, ಯಾವತ್ತು ಅನ್ನೋದನ್ನೂ ಅವರನ್ನೇ ಕೇಳಿ. ಖಾಲಿ ಸೈಟು ಬಾಡಿಗೆಯನ್ನೂ ತರಲ್ಲ.

ಅಂದಹಾಗೆ, ಅಡ್ವಾನ್ಸ್ ಏನಾದ್ರೂ ಕೊಟ್ಟಿದ್ದೀರಾ? ಇಲ್ಲ ಅಂದ್ರೆ ಮೊದಲು ಇ.ಸಿ. (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸೋ ಋಣಭಾರ ಪತ್ರ) ತೆಗೆಸಿ, ತುಮಕೂರು ಕೋರ್ಟಿನ ಹತ್ತಿರ ಒಬ್ಬ ಸಿವಿಲ್ ವಕೀಲರಿಗೆ ಕಾಗದ ತೋರಿಸಿ. ಲೇಔಟಿನವರೇ ಕೊಡಿಸೋ ವಕೀಲರು ಬೇಡ.