ಗೊಣಗಿದ್ದು ಕಡತಕ್ಕೆ ಬರುವುದು ಹೇಗೆ?

ಪ್ರಶ್ನೆ: ಲೇಖಕಿ ಇ. ಜೀನ್ ಕ್ಯಾರಲ್ ಹೂಡಿದ್ದ ಮಾನನಷ್ಟ ದಾವೆಯ ವಿಚಾರಣೆಯಲ್ಲಿ ಡೊನಾಲ್ಡ್ ಟ್ರಂಪ್ ಸಾಕ್ಷಿಯ ಮಾತಿನ ನಡುವೆ ಗೊಣಗಿದರು, ಎದುರು ಪಕ್ಷದ ವಾದ ನಡೆಯುತ್ತಿದ್ದಾಗ ಎದ್ದು ಹೊರಟೇ ಹೋದರು ಎಂದು ಓದಿದೆ. ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಸುಮ್ಮನಾದರಂತೆ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಮೊಬೈಲ್ ರಿಂಗಾದರೂ ಡವಾಲಿ ಗದರುತ್ತಾನೆ. ದೊಡ್ಡವರಿಗೆ ಬೇರೆ ಕಾನೂನೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಮಾನ್ಯರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಕೋರ್ಟಿನಲ್ಲಿ ಹೊರಗೆ ಹಾಕಿಸಿಕೊಳ್ಳುವುದು ಶಿಕ್ಷೆಯಾಗುತ್ತಿರಲಿಲ್ಲ, ಉಡುಗೊರೆಯಾಗುತ್ತಿತ್ತು. ಅದು ನ್ಯಾಯಾಧೀಶರಿಗೂ ಗೊತ್ತಿತ್ತು, ಟ್ರಂಪ್ ಅವರಿಗೂ ಗೊತ್ತಿತ್ತು.

ಇದು ಸಿವಿಲ್ ದಾವೆ ಎಂಬುದನ್ನು ಮೊದಲು ಗಮನಿಸಿ. ಕ್ರಿಮಿನಲ್ ಮೊಕದ್ದಮೆಯ ಆರೋಪಿ ವಿಚಾರಣೆಗೆ ಹಾಜರಿರಲೇಬೇಕು; ಇರುವುದು ಅವನ ಸಂವಿಧಾನಬದ್ಧ ಹಕ್ಕೂ ಹೌದು. ಎಚ್ಚರಿಸಿದ ಮೇಲೂ ಗಲಾಟೆ ನಿಲ್ಲಿಸದ ಆರೋಪಿಯನ್ನು ಹೊರಗೆ ಕಳಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1970ರಲ್ಲಿ ಇಲಿನಾಯ್ ವಿರುದ್ಧ ಆಲನ್ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದು ಅದಕ್ಕೇ. ಸಿವಿಲ್ ದಾವೆಯ ಪ್ರತಿವಾದಿಗೆ ಆ ಕಟ್ಟುಪಾಡಿಲ್ಲ. ವಕೀಲರು ಬಂದರೆ ಸಾಕು. 2023ರ ಏಪ್ರಿಲ್–ಮೇ ತಿಂಗಳಲ್ಲಿ ಇದೇ ಕ್ಯಾರಲ್ ಅವರ ಇನ್ನೊಂದು ದಾವೆ ನಡೆದಾಗ ಟ್ರಂಪ್ ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಆ ದಾವೆಯಲ್ಲಿ ಜ್ಯೂರಿ (ತೀರ್ಪು ಹೇಳಲು ಸಾಮಾನ್ಯ ನಾಗರಿಕರಿಂದ ಆರಿಸಿದ ಮಂಡಳಿ) ಲೈಂಗಿಕ ದೌರ್ಜನ್ಯವೂ ಮಾನನಷ್ಟವೂ ಆಗಿದೆ ಎಂದು ಹೇಳಿ 50 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಟ್ರಂಪ್ ಮೊದಲಿಂದಲೂ ಆರೋಪವನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ.

ನೀವು ಓದಿದ್ದು 2024ರ ಜನವರಿಯ ವಿಚಾರಣೆ. 2019ರಲ್ಲಿ ಅಧ್ಯಕ್ಷರಾಗಿದ್ದಾಗ ಅವರು ಆಡಿದ ಮಾತುಗಳ ಬಗ್ಗೆ ಹೂಡಿದ್ದ ದಾವೆ ಅದು. ಘಟನೆ ನಡೆಯಿತೋ ಇಲ್ಲವೋ ಎಂಬ ಪ್ರಶ್ನೆ ಮೊದಲ ಜ್ಯೂರಿಯಿಂದಲೇ ಇತ್ಯರ್ಥವಾಗಿದೆ, ಮತ್ತೆ ಕೆದಕುವಂತಿಲ್ಲ ಎಂದು ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ 2023ರ ಸೆಪ್ಟೆಂಬರಿನಲ್ಲೇ ಹೇಳಿದ್ದರು. ಒಂಬತ್ತು ಜನರ ಜ್ಯೂರಿಯ ಮುಂದೆ ಉಳಿದದ್ದು ಒಂದೇ ಲೆಕ್ಕ: ಎಷ್ಟು ಹಣ? (ಕ್ಯಾರಲ್ ಪರ ವಕೀಲೆ ರೊಬರ್ಟಾ ಅವರ ಅಡ್ಡಹೆಸರೂ ಕ್ಯಾಪ್ಲನ್. ನ್ಯಾಯಾಧೀಶರಿಗೂ ಅವರಿಗೂ ನೆಂಟಸ್ತಿಕೆಯಿಲ್ಲ. ಹೆಸರು ನೋಡಿ ಗೊಂದಲಪಟ್ಟವರು ಬಹಳ ಮಂದಿ.)

ಈಗ ಜನವರಿ 17ಕ್ಕೆ ಬರೋಣ. ಕ್ಯಾರಲ್ ಸಾಕ್ಷಿ ಹೇಳುತ್ತಿದ್ದಾರೆ. ಟ್ರಂಪ್ ತಮ್ಮ ವಕೀಲರ ಮೇಜಿನಲ್ಲಿ ಕೂತು ತಲೆ ಆಡಿಸುತ್ತ, ಇದೆಲ್ಲ ಸುಳ್ಳು, ಇದೊಂದು ಮೋಸದಾಟ ಎಂದು ಗೊಣಗುತ್ತಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ಕೋರ್ಟಿನ ಸ್ಟೆನೊ ಬರೆದುಕೊಳ್ಳುವುದು ಸಾಕ್ಷಿ, ವಕೀಲರು ಮತ್ತು ನ್ಯಾಯಾಧೀಶರು ಕಲಾಪದ ಭಾಗವಾಗಿ ಆಡಿದ ಮಾತನ್ನು. ಪಕ್ಕದವರ ಕಿವಿಯಲ್ಲಿ ಆಡಿದ್ದು ಕಡತಕ್ಕೆ ಬರುವುದಿಲ್ಲ. ಕ್ಯಾಮೆರಾಗಳಿಗೂ ಅಲ್ಲಿ ಪ್ರವೇಶವಿಲ್ಲ. ಹೀಗಾಗಿ ಜ್ಯೂರಿಯ ಕಿವಿಗೆ ಬಿದ್ದ ಮಾತು ಮೇಲ್ಮನವಿ ಕೋರ್ಟಿನ ಪಾಲಿಗೆ ಆಡಿದ್ದೇ ಅಲ್ಲ. ಅದನ್ನು ದಾಖಲೆಗೆ ತರಬೇಕಾದವರು ಎದುರು ಪಕ್ಷದ ವಕೀಲರು. ಶಾನ್ ಕ್ರೌಲಿ ಎಂಬ ವಕೀಲೆ ಆ ಕೆಲಸ ಮಾಡಿದರು: ಜ್ಯೂರಿ ಹೊರಗಿದ್ದ ಹೊತ್ತು ನೋಡಿ ಎದ್ದುನಿಂತು, ತಮಗೆ ಕೇಳಿಸಿದ್ದು ಇಂಥಿಂಥ ಮಾತು, ತಮಗೆ ಕೇಳಿಸಿದ ಮೇಲೆ ಜ್ಯೂರಿಗೂ ಕೇಳಿಸಿರಬಹುದು ಎಂದು ಹೇಳಿದರು. ಜ್ಯೂರಿಯ ಎದುರೇ ಹೇಳಿದ್ದರೆ ಗೊಣಗಾಟವನ್ನು ತಾವೇ ಎರಡನೇ ಸಲ ಕೇಳಿಸಿದಂತಾಗುತ್ತಿತ್ತು.

ಮೊದಲ ದೂರಿಗೆ ನ್ಯಾಯಾಧೀಶರು ಕೊಟ್ಟದ್ದು ಮೆತ್ತಗಿನ ಸೂಚನೆ: ವಕೀಲರ ಜೊತೆ ಮಾತಾಡುವಾಗ ದನಿ ತಗ್ಗಿಸಿ, ಜ್ಯೂರಿಗೆ ಕೇಳಿಸಬಾರದು. ದೂರು ಮತ್ತೆ ಬಂತು. ಆಗ ಹೇಳಿದ್ದು, ಹಾಜರಿರುವ ಹಕ್ಕು ನಿಮಗಿದೆ, ಅಡ್ಡಿ ಮಾಡಿದರೆ ಅದನ್ನು ಕಳೆದುಕೊಳ್ಳಬಹುದು, ನಿಮ್ಮನ್ನು ಹೊರಗಿಡುವ ಪ್ರಸಂಗ ಬರಲಾರದೆಂದು ಆಶಿಸುತ್ತೇನೆ ಎಂದು. ಹಾಗೆ ಮಾಡಲೆಂದೇ ನೀವು ಕಾದಿರಬೇಕು ಎಂಬ ಮಾತನ್ನೂ ಸೇರಿಸಿದರು. ‘ನನಗೆ ತುಂಬಾ ಇಷ್ಟ’ ಎಂದರು ಟ್ರಂಪ್. ‘ಗೊತ್ತು. ಇಂಥ ಹೊತ್ತಿನಲ್ಲಿ ನಿಮಗೆ ನಿಮ್ಮನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ’ ಎಂದರು ನ್ಯಾಯಾಧೀಶರು. ‘ನಿಮಗೂ ಆಗುವುದಿಲ್ಲ’ ಎಂದು ಉತ್ತರ ಬಂತು.

ನ್ಯಾಯಾಂಗ ನಿಂದನೆಯೆಂದು ಅಲ್ಲೇ ದಂಡ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಫೆಡರಲ್ ಕ್ರಿಮಿನಲ್ ಪ್ರಕ್ರಿಯಾ ನಿಯಮ 42(ಬಿ) ಪ್ರಕಾರ ಕೂತಲ್ಲೇ ಶಿಕ್ಷೆ ಕೊಡಬೇಕಾದರೆ ನಡತೆಯನ್ನು ನ್ಯಾಯಾಧೀಶರೇ ಕಂಡಿರಬೇಕು ಅಥವಾ ಕೇಳಿರಬೇಕು, ಹಾಗೆಂದು ಬರೆದು ದೃಢೀಕರಿಸಬೇಕು. ಕ್ಯಾಪ್ಲನ್ ಅವರ ಮಾತಿನಲ್ಲಿ ‘ನನಗೆ ವರದಿಯಾಗಿರುವಂತೆ’ ಎಂಬ ಪದಗಳಿದ್ದವು. ಗೊಣಗಾಟ ಅವರ ಕಿವಿಯ ಸಾಕ್ಷ್ಯವಲ್ಲ, ಕ್ರೌಲಿ ಅವರ ಕಿವಿಯದು. ಹೀಗಿರುವಾಗ ನೋಟಿಸು, ಪ್ರತ್ಯೇಕ ವಿಚಾರಣೆ ಎಲ್ಲ ಬೇಕು. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ದಾವೆಯ ನಡುವೆ ಇನ್ನೊಂದು ದಾವೆ ಹುಟ್ಟುತ್ತದೆ. ಹೊರಗೆ ಹಾಕಿದ್ದರೆ ‘ನನ್ನನ್ನು ಮಾತಾಡಲು ಬಿಡಲಿಲ್ಲ’ ಎಂಬ ಮೇಲ್ಮನವಿಯ ಅಂಶವೊಂದು ಪುಕ್ಕಟೆಯಾಗಿ ಸಿಗುತ್ತಿತ್ತು, ಪ್ರಚಾರಸಭೆಗೆ ಭಾಷಣವೂ ಸಿಗುತ್ತಿತ್ತು.

ಬಾಯಿಗೆ ಬೀಗ ಹಾಕುವುದಕ್ಕಿಂತ ಬಾಗಿಲು ಕಿರಿದು ಮಾಡುವುದು ಜಾಣತನ, ಮತ್ತು ಕ್ಯಾಪ್ಲನ್ ಅದನ್ನು ಚೆನ್ನಾಗಿಯೇ ಮಾಡಿದರು. ವಿಚಾರಣೆ ಶುರುವಾಗುವ ಮುನ್ನ, ಜನವರಿ 9ರಂದು, ಟ್ರಂಪ್ ಆಗಲಿ ಅವರ ವಕೀಲರಾಗಲಿ ಜ್ಯೂರಿಯ ಮುಂದೆ ಯಾವ ಯಾವ ಮಾತು ಎತ್ತುವಂತಿಲ್ಲ ಎಂಬುದನ್ನು ತಿಳಿಸಿ ಲಿಖಿತ ಆದೇಶ ಹೊರಡಿಸಿದರು. ಜನವರಿ 25ರಂದು ಟ್ರಂಪ್ ಸಾಕ್ಷಿ ಹೇಳಲು ಎದ್ದಾಗ ಜ್ಯೂರಿಯನ್ನು ಕರೆಸುವ ಮೊದಲೇ ಅವರ ವಕೀಲೆ ಅಲೀನಾ ಹಬ್ಬಾ ಅವರನ್ನು ಕೇಳಿದರು: ಏನು ಕೇಳುತ್ತೀರಿ, ಅವರು ಏನು ಹೇಳುತ್ತಾರೆ? ಒಂದೊಂದೇ ಪ್ರಶ್ನೆ ಒಪ್ಪಿಸಿಕೊಂಡ ಮೇಲೆ ಜ್ಯೂರಿ ಬಂತು. ಇಡೀ ಸಾಕ್ಷ್ಯ ಸುಮಾರು ಮೂರು ನಿಮಿಷ. ಕ್ಯಾರಲ್ ಅವರಿಗೆ ಕೇಡು ಮಾಡಲು ಯಾರಿಗಾದರೂ ಹೇಳಿದ್ದಿರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದದ್ದು ಉಳಿಯಿತು. ತನ್ನನ್ನು, ಕುಟುಂಬವನ್ನು, ಅಧ್ಯಕ್ಷ ಪದವಿಯನ್ನು ಕಾಪಾಡಿಕೊಳ್ಳಲು ಎಂದು ಮುಂದುವರಿಸಿದ್ದನ್ನು ಕಡತದಿಂದ ತೆಗೆಸಿದರು, ಜ್ಯೂರಿಗೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದರು.

ಮರುದಿನದ ನಿರ್ಗಮನಕ್ಕೆ ಎಚ್ಚರಿಕೆ ಕೂಡ ಬೇಕಾಗಲಿಲ್ಲ. ರೊಬರ್ಟಾ ಕ್ಯಾಪ್ಲನ್ ಅವರ ಅಂತಿಮ ವಾದ ಶುರುವಾದ ಕೆಲವೇ ನಿಮಿಷಗಳಲ್ಲಿ ಟ್ರಂಪ್ ಎದ್ದು ಬಾಗಿಲತ್ತ ನಡೆದರು. ಶ್ರೀ ಟ್ರಂಪ್ ಎದ್ದು ಹೊರಗೆ ಹೋದರೆಂದು ದಾಖಲಾಗಲಿ ಎಂದು ನ್ಯಾಯಾಧೀಶರು ನುಡಿದರು, ವಾದ ಮುಂದುವರಿಯಿತು. ಒಂದು ಸಾಲು, ಅಷ್ಟೇ. ಈ ಸಾಲಿನ ಬೆಲೆ ತಿಳಿಯಬೇಕಾದರೆ ವಾದದ ಸರದಿ ನೋಡಬೇಕು. ರುಜುವಾತಿನ ಹೊಣೆ ವಾದಿಯದು, ಆದ್ದರಿಂದ ಮೊದಲ ಮಾತೂ ಕೊನೆಯ ಮಾತೂ ವಾದಿಯದೇ. ಟ್ರಂಪ್ ತಮ್ಮ ವಕೀಲರ ವಾದಕ್ಕೆ ವಾಪಸು ಬಂದು ಕೂತರು. ಆಮೇಲೆ ಪ್ರತ್ಯುತ್ತರಕ್ಕೆ ಎದ್ದ ಕ್ರೌಲಿ, ಈ ಮನುಷ್ಯ ಇಡೀ ವಿಚಾರಣೆಯಲ್ಲಿ ಹೇಗೆ ನಡೆದುಕೊಂಡರೆಂದು ನೀವೇ ನೋಡಿದಿರಿ, ಎದ್ದು ಹೋದದ್ದನ್ನೂ ನೋಡಿದಿರಿ, ನಿಯಮಗಳು ತನಗಲ್ಲ ಎಂದುಕೊಂಡಿದ್ದಾರೆ ಎಂದು ಜ್ಯೂರಿಗೆ ಹೇಳಿದರು. ಬೆಳಿಗ್ಗೆಯ ನಡಿಗೆ ಮಧ್ಯಾಹ್ನದೊಳಗೆ ಎದುರು ಪಕ್ಷದ ವಾದವಾಗಿತ್ತು.

ಹಣದ ಲೆಕ್ಕ ನೋಡಿ. ನಷ್ಟ ಪರಿಹಾರವಾಗಿ ಕ್ಯಾರಲ್ ಪರ ಕೇಳಿದ್ದು ಕನಿಷ್ಠ 2.4 ಕೋಟಿ ಡಾಲರ್. ಜ್ಯೂರಿ ಕೊಟ್ಟದ್ದು ಅದಕ್ಕಿಂತ ಕಡಿಮೆ, 1.83 ಕೋಟಿ: ಮನಸ್ಸಿನ ನೋವಿಗೆ 73 ಲಕ್ಷ, ಹೆಸರನ್ನು ಮತ್ತೆ ಕಟ್ಟಿಕೊಳ್ಳಲು 1.1 ಕೋಟಿ. ಎರಡನೆಯದಕ್ಕೆ ಅವರ ಪರ ತಜ್ಞೆ ಹಾಕಿದ್ದ ಅಂದಾಜು 72 ಲಕ್ಷದಿಂದ 1.21 ಕೋಟಿ, ಅಂದರೆ ಜ್ಯೂರಿ ಆ ಗಡಿ ದಾಟಲಿಲ್ಲ. ಇಲ್ಲಿಯವರೆಗೆ ಶೆಟ್ಟರ ಅಂಗಡಿಯ ಲೆಕ್ಕದಷ್ಟು ಕಟ್ಟುನಿಟ್ಟು. ದಂಡನಾರ್ಥ ಪರಿಹಾರ (ನಷ್ಟ ತುಂಬಲು ಅಲ್ಲ, ಶಿಕ್ಷೆಯಾಗಿ ಹೇರುವ ಹಣ) ಬಂದಾಗ ಕೈ ಸಡಿಲವಾಯಿತು: 6.5 ಕೋಟಿ. ಒಟ್ಟು 8.33 ಕೋಟಿ ಡಾಲರ್, ಮೂರು ಗಂಟೆಗೂ ಕಡಿಮೆ ಸಮಾಲೋಚನೆಯಲ್ಲಿ.

ಗೊಣಗಿದ್ದಕ್ಕೆ ಇಷ್ಟು, ಎದ್ದು ಹೋದದ್ದಕ್ಕೆ ಇಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಜ್ಯೂರಿ ಕಾರಣ ಬರೆಯುವುದಿಲ್ಲ. ಈ ಜ್ಯೂರಿಯ ಹೆಸರುಗಳೂ ಗುಟ್ಟು; ಈ ಜ್ಯೂರಿಯಲ್ಲಿದ್ದೆವೆಂದು ಯಾರಿಗೂ ಹೇಳಬೇಡಿ ಎಂದೇ ನ್ಯಾಯಾಧೀಶರು ಅವರನ್ನು ಕಳಿಸಿಕೊಟ್ಟದ್ದು. ಆದರೆ ದಂಡನಾರ್ಥ ಪರಿಹಾರದ ಪ್ರಶ್ನೆಯೇ ‘ಎಷ್ಟು ಕೊಟ್ಟರೆ ಈತ ನಿಲ್ಲಿಸುತ್ತಾನೆ?’ ಎಂಬುದು. ನಿಲ್ಲಿಸುವವನಲ್ಲ ಎಂಬುದನ್ನು ಪ್ರತಿವಾದಿಯೇ ಹತ್ತು ಮಾರು ದೂರದಲ್ಲಿ ಕೂತು ತೋರಿಸಿದರೆ ವಾದಿಯ ವಕೀಲರಿಗೆ ಉಳಿಯುವ ಕೆಲಸ ಕಡಿಮೆ. ವಿಚಾರಣೆ ನಡೆಯುತ್ತಿದ್ದ ದಿನಗಳಲ್ಲೇ ಜಾಲತಾಣದಲ್ಲಿ ಅವರು ಹಾಕುತ್ತಿದ್ದ ಬರಹಗಳೂ ಜ್ಯೂರಿಯ ಮುಂದೆ ಬಂದವು. 2025ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟು ಇಡೀ ಮೊತ್ತವನ್ನು ಎತ್ತಿಹಿಡಿಯಿತು.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ದೃಶ್ಯ 2024ರ ಮೇ ತಿಂಗಳ ನ್ಯೂಯಾರ್ಕ್ ಕ್ರಿಮಿನಲ್ ವಿಚಾರಣೆಯದು. ನೀಲಿಚಿತ್ರಗಳ ನಟಿ ಸ್ಟಾರ್ಮಿ ಡೇನಿಯಲ್ಸ್ ಸಾಕ್ಷಿ ಹೇಳುವಾಗ ಟ್ರಂಪ್ ಬೈದುಕೊಳ್ಳುತ್ತಿದ್ದುದು ನ್ಯಾಯಾಧೀಶ ಹ್ವಾನ್ ಮರ್ಚನ್ ಅವರಿಗೇ ಕೇಳಿಸಿತು. ಅವರು ಟ್ರಂಪ್ ಪರ ವಕೀಲರನ್ನು ಪೀಠದ ಪಕ್ಕಕ್ಕೆ ಕರೆದು, ಇದು ನ್ಯಾಯಾಂಗ ನಿಂದನೆ, ಸಾಕ್ಷಿಯನ್ನು ಹೆದರಿಸಿದಂತಾದೀತು, ಟ್ರಂಪ್ ಅವರಿಗೆ ಮುಜುಗರವಾಗಬಾರದೆಂದು ಇಲ್ಲಿ ಹೇಳುತ್ತಿದ್ದೇನೆ ಎಂದರು. ಜ್ಯೂರಿಗೆ ಕೇಳಿಸಲಿಲ್ಲ, ಸ್ಟೆನೊ ಬರೆದುಕೊಂಡರು. ನಮ್ಮ ಮಟ್ಟಿಗೆ ಇದೇ ಹೆಚ್ಚು ಹದವಾದ ದಾರಿ. ಕ್ಯಾಪ್ಲನ್ ನೇರವಾಗಿ ಟ್ರಂಪ್ ಜೊತೆ ಮಾತಿಗೆ ಮಾತು ಬೆಳೆಸಬಾರದಿತ್ತು. ‘ನಿಮಗೂ ಆಗುವುದಿಲ್ಲ’ ಎನ್ನಲು ಅವಕಾಶ ಕೊಟ್ಟವರು ಅವರೇ.

ಇನ್ನು ನಮ್ಮ ಕಡೆಯ ಮಾತು. ನಮ್ಮಲ್ಲಿ ಜ್ಯೂರಿಯಿಲ್ಲ, ಆದ್ದರಿಂದ ಗೊಣಗಾಟ ಮುಟ್ಟುವುದು ಒಬ್ಬರೇ ನ್ಯಾಯಾಧೀಶರನ್ನು. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆಯುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಕೊಡುತ್ತದೆ, ಆದರೆ ಅದು ಕಟಕಟೆಯಲ್ಲಿ ನಿಂತವರಿಗೆ. ವಕೀಲರ ಹಿಂದಿನ ಬೆಂಚಿನಲ್ಲಿ ಕೂತ ಪಕ್ಷಗಾರರಿಗಲ್ಲ. ಅವರು ಬೇಕೆಂದೇ ಅವಮಾನ ಮಾಡಿದರೆ ಅಥವಾ ಕಲಾಪಕ್ಕೆ ಅಡ್ಡಿಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 267ನೇ ಕಲಂ ಇದೆ. ತಾಲ್ಲೂಕು ಕೋರ್ಟು ಕೂಡ ನಾಗರಿಕ ಸುರಕ್ಷಾ ಸಂಹಿತೆಯ 384ನೇ ಕಲಂನಡಿ ಅಂಥವರನ್ನು ತಡೆದಿಟ್ಟು, ಅದೇ ದಿನ ಕೋರ್ಟು ಏಳುವುದರೊಳಗೆ ಕಾರಣ ಕೇಳಿ, 1,000 ರೂಪಾಯಿವರೆಗೆ ದಂಡ ಹಾಕಬಹುದು. ಕಟ್ಟದಿದ್ದರೆ ಒಂದು ತಿಂಗಳವರೆಗೆ ಸಾದಾ ಸೆರೆ. ಇಲ್ಲೂ ಅದೇ ಷರತ್ತು: ಆ ಕೃತ್ಯ ಕೋರ್ಟಿನ ಕಣ್ಣೆದುರು ಅಥವಾ ಸಮ್ಮುಖದಲ್ಲಿ ನಡೆದಿರಬೇಕು.

ನಿಮ್ಮ ದಾವೆಯಲ್ಲಿ ಎದುರಿನವರು ಹೀಗೆ ಮಾಡಿದರೆ ನೀವೇ ತಿರುಗಿ ಬೈಯಲು ಹೋಗಬೇಡಿ. ವಕೀಲರ ಕೋಟು ಜಗ್ಗಿ, ಆಗಿಂದಾಗ ನ್ಯಾಯಾಧೀಶರ ಗಮನಕ್ಕೆ ತಂದು ಆರ್ಡರ್ ಶೀಟಿನಲ್ಲಿ ಬರೆಸಲು ಹೇಳಿ: ಯಾರು, ಯಾವ ಮಾತು, ಯಾವ ಸಾಕ್ಷಿ ನುಡಿಯುತ್ತಿದ್ದಾಗ. ಮುಂದಿನ ವಾಯಿದೆಯಲ್ಲಿ ಹೇಳಿದರೆ ಎದುರಿನವರು ಹಾಗಂದೇ ಇಲ್ಲ ಎನ್ನುತ್ತಾರೆ. ಮೊಬೈಲ್ ವಿಷಯ ಕೇಳಿದಿರಲ್ಲ, ಮ್ಯಾನ್‌ಹ್ಯಾಟನ್ನಿನ ಆ ಫೆಡರಲ್ ಕೋರ್ಟಿನಲ್ಲಿ ರಿಂಗಾಗುವ ಪ್ರಶ್ನೆಯೇ ಬರದು. ಸಾರ್ವಜನಿಕರ ಫೋನನ್ನು ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.
— ಸಂ.