ಧರ್ಮಸ್ಥಳದ ಪಾದಯಾತ್ರೆಯಲ್ಲಿ ಕಾಲಿಗೆ ಬೊಬ್ಬೆ ಏಳದಂತೆ ನಡೆಯುವುದು ಹೇಗೆ?

ಪಾದ ಬೆವರಿನಲ್ಲಿ ನೆನೆಯದಂತೆ ನೋಡಿಕೊಂಡು, ಉರಿ ಕಾಣಿಸಿದಲ್ಲೇ ನಿಂತು ಅಂಟುಪಟ್ಟಿ ಹಾಕಿಕೊಂಡರೆ, ತುಮಕೂರಿನಿಂದ ಶಿವರಾತ್ರಿಗೆ 200 ಕಿಲೋಮೀಟರಿಗೂ ಹೆಚ್ಚು ದೂರ ಮೊದಲ ಸಲ ನಡೆಯುವವರೂ ಬೊಬ್ಬೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು; ಅಂಜಬೇಕಾದ ಕಾರಣವಿಲ್ಲ. ನೆನೆದ ಚರ್ಮವು ಕಾಲುಚೀಲಕ್ಕೆ ಅಂಟಿಕೊಂಡಿರುವಾಗ ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದೆಮುಂದೆ ಸರಿಯುವುದರಿಂದ, ಚರ್ಮದ ಪದರಗಳು ಒಳಗೊಳಗೇ ಎಳೆದಾಡಿ ಬಿರಿದು, ಆ ಸಂದಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಆದುದರಿಂದ ಯಾತ್ರೆಗೆಂದು ಹೊಸ ಷೂ ಕೊಳ್ಳುವ ಉತ್ಸಾಹ ಬೇಡ, ಕೆಲವು ವಾರ ಹಾಕಿ ಪಳಗಿಸಿದ್ದೇ ಇರಲಿ. ಹತ್ತಿಯ ಕಾಲುಚೀಲ ಬೇಗ ಒಣಗುವುದಿಲ್ಲವಾದ್ದರಿಂದ ಉಣ್ಣೆಯದೋ ನೈಲಾನ್ ಮಿಶ್ರಿತದ್ದೋ ಎರಡು ಮೂರು ಜೊತೆ ಇಟ್ಟುಕೊಂಡು, ಕುಳಿತಲ್ಲೆಲ್ಲ ಬಿಚ್ಚಿ ಪಾದಕ್ಕೆ ಗಾಳಿಯಾಡಲು ಬಿಡಿ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಬೆರಳುಗಳು ಷೂವಿನ ಮೂತಿಗೆ ಗುದ್ದುತ್ತವೆ. ಹೊರಡುವ ಮೊದಲೇ ಉಗುರು ಕತ್ತರಿಸಿ, ಇಳಿಯುವಾಗ ಪಾದದ ಮೇಲಿನ ದಾರವನ್ನು ಬಿಗಿಮಾಡಿಕೊಳ್ಳಿ. ಬರಿಗಾಲಿನ ಹರಕೆ ಹೊತ್ತವರು ಡಾಂಬರು ಕಾಯುವ ಮೊದಲು, ನಸುಕಿನಲ್ಲೇ ಆ ದಿನದ ನಡಿಗೆಯ ಬಹುಪಾಲನ್ನು ಮುಗಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಬರಿಗಾಲು ಸಲ್ಲದು, ಏಕೆಂದರೆ ಅಂಗಾಲಿನ ಸ್ಪರ್ಶಜ್ಞಾನ ಕುಂದಿದ್ದರೆ ಗಾಯವಾದದ್ದೇ ಅವರಿಗೆ ತಿಳಿಯದೆ ಹೋಗಬಹುದು.