ಬಿಸಿಲೇರಿದಾಗ ಮಾತ್ರ ಫೈಬರ್ ಇಂಟರ್ನೆಟ್ ಕಡಿದುಹೋಗಿ ಸಂಜೆ ತಾನಾಗಿಯೇ ಸರಿಹೋಗುತ್ತಿದೆ; ದೋಷ ಎಲ್ಲಿರಬಹುದು?

ಸಂಪರ್ಕ ಕಡಿದಿರುವ ಹೊತ್ತಿನಲ್ಲೇ ಒಎನ್‌ಟಿ ಪೆಟ್ಟಿಗೆಯ (ಮನೆಯೊಳಗೆ ಫೈಬರ್ ಕೇಬಲ್ ಬಂದು ಸೇರುವ ಸಾಧನದ) ದೀಪಗಳ ಫೋಟೊ ತೆಗೆದಿಡಿ, ಏಕೆಂದರೆ ತಂತ್ರಜ್ಞರು ಬರುವಷ್ಟರಲ್ಲಿ ಎಲ್ಲವೂ ತಣ್ಣಗಾಗಿ ದೋಷವೇ ಇಲ್ಲದಂತೆ ಕಾಣುತ್ತದೆ.

ಎಲ್‌ಒಎಸ್ (ಸಿಗ್ನಲ್ ನಷ್ಟ) ದೀಪ ಕೆಂಪಾಗಿದ್ದರೆ, ಸಿಗ್ನಲ್ ಹೊತ್ತು ಫೈಬರಿನಲ್ಲಿ ಬರುವ ಬೆಳಕು ಒಎನ್‌ಟಿಗೆ ಸಾಕಷ್ಟು ಸಿಗುತ್ತಿಲ್ಲ ಎಂದರ್ಥ. ಫೈಬರಿನ ಗಾಜಿನ ಎಳೆಗೆ ಬಿಸಿಲಿನಿಂದ ತೊಂದರೆಯಾಗುವುದು ಅಪರೂಪ. ಆದರೆ ಅದರ ಪ್ಲಾಸ್ಟಿಕ್ ಹೊದಿಕೆ ಹಿಗ್ಗಿ ಕುಗ್ಗುವಾಗ, ಕಂಬದ ಅಥವಾ ತಾರಸಿಯ ಪೆಟ್ಟಿಗೆಯೊಳಗಿನ ಸಡಿಲ ಕನೆಕ್ಟರ್, ಸರಿಯಾಗಿ ಕೂಡದ ಜೋಡಣೆ ಅಥವಾ ಬಿಗಿಯಾಗಿ ಬಾಗಿದ ಎಳೆ ಬೆಳಕನ್ನು ಸೋರಿಸತೊಡಗುತ್ತದೆ. ಒಎನ್‌ಟಿಯ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಬಂದು ತಲುಪುವ ಬೆಳಕಿನ ಬಲ) ಎಷ್ಟಿದೆಯೆಂದು ಬೆಳಗ್ಗೆಯೂ ಮಧ್ಯಾಹ್ನವೂ ಬರೆದಿಟ್ಟುಕೊಳ್ಳಿ: ಬೆಳಗ್ಗೆ −21 ಡಿಬಿಎಂ (ಬೆಳಕಿನ ಬಲದ ಅಳತೆ) ಇದ್ದದ್ದು ಮಧ್ಯಾಹ್ನ −27ರ ಹತ್ತಿರ ಇಳಿದರೆ, ಅದು ಸಾಮಾನ್ಯ ಜಿಪಾನ್ (ಮನೆಗಳ ಫೈಬರ್ ಸಂಪರ್ಕದಲ್ಲಿ ಬಳಸುವ ತಂತ್ರಜ್ಞಾನ) ಉಪಕರಣಗಳ ಕೊನೆಯ ಮಿತಿಯಾದ್ದರಿಂದ, ದೂರಿನೊಡನೆ ಕೊಡಲು ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಕನೆಕ್ಟರನ್ನು ಬಿಚ್ಚಿ ಅದರ ತುದಿಯನ್ನು ಇಣುಕಿ ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಅವಗೆಂಪು ಲೇಸರ್.

ಎಲ್ಲ ದೀಪಗಳೂ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಮೊದಲು ಅಡಾಪ್ಟರನ್ನೇ ಶಂಕಿಸಬೇಕು. ಬಿಸಿಗೆ ಅದರೊಳಗಿನ ಕೆಪಾಸಿಟರ್‌ಗಳು ಬೇಗ ಸೊರಗುತ್ತವೆ; ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಬೇರೊಂದನ್ನು ಹಾಕಿ ನೋಡಿ. ಎಷ್ಟೋ ಒಎನ್‌ಟಿಗಳು ಸುತ್ತಲಿನ ಗಾಳಿ 40 ಡಿಗ್ರಿಯವರೆಗೆ ಇರಬಹುದೆಂದು ರೂಪಿಸಿದವು. ಟಿವಿ ಕಪಾಟಿನೊಳಗೆ, ಯುಪಿಎಸ್ ಮೇಲೆ ಅಂಥದನ್ನು ಇಡಲೇಬಾರದು.